ಸಂಖ್ಯೆಗಳ ನಡುವೆ ಜಾಗವಿರಲಿ

ಮಕ್ಕಳೇ, ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಅಕಾರಾದಿಯಾಗಿ ಇವೆ ಎನ್ನೋಣ. ಆಗಸ್ಟ್‌ನಲ್ಲಿ ಅನಿತಾ ಎಂಬ ಹುಡುಗಿ ಹೊಸದಾಗಿ ಸೇರಿದರೆ ಅವಳ ಹೆಸರನ್ನು ಎಲ್ಲಿ ಬರೆಯುತ್ತಾರೆ? ಸಾಮಾನ್ಯವಾಗಿ ಕಟ್ಟಕಡೆಗೆ! ಮೇಲೆ ಬರೆದರೆ ಉಳಿದವರೆಲ್ಲರ ಕ್ರಮಸಂಖ್ಯೆ ಬದಲಾಗಿಬಿಡುತ್ತದೆ.

ಗಣಕಕ್ಕೂ ಇದೇ ತೊಂದರೆ ಇದೆ. ಪರದೆಯ ಮೇಲೆ 40 ಹಾಡುಗಳ ಪಟ್ಟಿಯಿದೆ. 38ನೆಯ ಹಾಡು ನಿಮಗೆ ಇಷ್ಟ. ಅದನ್ನು ಮೌಸ್‌ನಿಂದ ಎಳೆದು ತಂದು 3ನೆಯ ಜಾಗದಲ್ಲಿ ಬಿಡುತ್ತೀರಿ. ನಿಮಗೆ ಅದು ಒಂದೇ ಕೆಲಸ. ಆದರೆ ಗಣಕ ಹಾಡುಗಳಿಗೆ 1, 2, 3 ಎಂದೇ ಸಂಖ್ಯೆ ಕೊಟ್ಟಿದ್ದರೆ 36 ಹಾಡುಗಳ ಸಂಖ್ಯೆಯನ್ನು ತಿದ್ದಬೇಕು. ಬೇಕಾದರೆ ಲೆಕ್ಕ ಹಾಕಿ ನೋಡಿ.

"ಗಣಕಕ್ಕೆ ಅದು ಕ್ಷಣಾರ್ಧದ ಕೆಲಸ, ಮಾಡಲಿ ಬಿಡಿ" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಟ್ಟಿಯು ದೂರದ ಗಣಕದಲ್ಲಿದ್ದು, ಅಂತರಜಾಲದ ಮೂಲಕ ಇಬ್ಬರು ಏಕಕಾಲಕ್ಕೆ ಅದನ್ನು ತಿದ್ದುತ್ತಿದ್ದರೆ? ಅರ್ಧ ತಿದ್ದುವಷ್ಟರಲ್ಲಿ ಸಂಪರ್ಕ ಕಡಿದುಹೋದರೆ? ಎಚ್ಚರ ತಪ್ಪಿದರೆ ಎರಡು ಹಾಡುಗಳಿಗೆ ಒಂದೇ ಸಂಖ್ಯೆ ಬಂದು ಪಟ್ಟಿ ಕಲಸಿಹೋಗುತ್ತದೆ. ಹಾಡಾದರೆ ಚಿಂತೆಯಿಲ್ಲ. ಆಸ್ಪತ್ರೆಯಲ್ಲಿ ಯಾವ ರೋಗಿಯನ್ನು ಮೊದಲು ನೋಡಬೇಕು ಎಂಬ ಪಟ್ಟಿಯಾದರೆ?

ಇದಕ್ಕೆ ಹಳೆಯ ಉಪಾಯವೊಂದಿದೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಬೇಸಿಕ್ ಎಂಬ ಗಣಕ ಭಾಷೆಯನ್ನು ರೂಪಿಸಿದರು. ಅದರಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ. ಜಾಣರು 10, 20, 30 ಎಂದು ಜಾಗ ಬಿಟ್ಟು ಬರೆಯುತ್ತಿದ್ದರು. ಮರೆತ ಸಾಲು ಆಮೇಲೆ ನೆನಪಾದರೆ ಅದಕ್ಕೆ 25 ಎಂದು ಕೊಟ್ಟರಾಯಿತು! ಗ್ರಂಥಾಲಯಗಳಲ್ಲಿ ಬಳಸುವ ಡ್ಯೂಯಿ ಪದ್ಧತಿಯಲ್ಲೂ 595 ಮತ್ತು 596ರ ನಡುವೆ 595.7 ಎಂದು ಕೀಟಗಳ ಪುಸ್ತಕಗಳಿಗೆ ಜಾಗವಿದೆ.

ನಮ್ಮ ಹಾಡುಗಳಿಗೂ ಹೀಗೆಯೇ ಸಂಖ್ಯೆ ಕೊಡಬೇಕು ಎಂಬುದು ನನ್ನ ವಾದ. 20 ಮತ್ತು 30ರ ನಡುವೆ ಬಂದ ಹಾಡಿಗೆ 25. ತಿದ್ದಿದ್ದು ಒಂದೇ ಸಂಖ್ಯೆ. ಪರದೆಯ ಮೇಲೆ 25 ಎಂದು ಕಾಣಬೇಕಾಗಿಲ್ಲ, ಅಲ್ಲಿ 3 ಎಂದೇ ತೋರಿಸಬಹುದು. ಒಳಗಿನ ಗುರುತು ಬೇರೆ, ಹೊರಗಿನ ಎಣಿಕೆ ಬೇರೆ.

ಜಾಗ ಮುಗಿದರೆ? 20 ಮತ್ತು 25ರ ನಡುವೆ 22.5, ಆಮೇಲೆ 21.25... ಹೀಗೆ ಅರ್ಧ ಮಾಡುತ್ತ ಹೋಗಬಹುದು. ಗಣಿತದಲ್ಲಿ ಇದಕ್ಕೆ ಕೊನೆಯಿಲ್ಲ, ಗಣಕದಲ್ಲಿದೆ. ಸಾಮಾನ್ಯವಾಗಿ ಬಳಸುವ 64 ಬಿಟ್‌ಗಳ ದಶಮಾಂಶ ಸಂಖ್ಯೆಯಲ್ಲಿ, 1 ಮತ್ತು 2ರ ನಡುವೆ ಸದಾ 1ರ ಪಕ್ಕದಲ್ಲೇ ಅರ್ಧ ಮಾಡುತ್ತ ಹೋದರೆ 52 ಸಲ ಮಾತ್ರ ಸಾಧ್ಯ. ಆಗ ಒಮ್ಮೆ ಎಲ್ಲವನ್ನೂ ಹೊಸದಾಗಿ 10, 20, 30 ಎಂದು ಎಣಿಸಬೇಕು. ಬೇಸಿಕ್‌ನ ಹಲವು ರೂಪಗಳಲ್ಲಿ ಇದಕ್ಕೆಂದೇ 'ರೀನಮ್' ಎಂಬ ಆಜ್ಞೆ ಇತ್ತು.