ಪಡಸಾಲೆಯ ಮಾತು: ವಾಸನೆಯಿಲ್ಲದ ಅನಿಲ

ರಾತ್ರಿಯ ಊಟವಾದ ಮೇಲೆ ಪಡಸಾಲೆಯಲ್ಲಿ ಅರ್ಧ ತಾಸು ಕುಳಿತು ಮಾತನಾಡುವ ರೂಢಿ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಇಂಥದೇ ವಿಷಯವಾಗಬೇಕೆಂಬ ಕಟ್ಟಳೆಯಿಲ್ಲ. ಮಳೆ, ಮದುವೆ, ತೊಗರಿಯ ಧಾರಣೆಗಳ ನಡುವೆ ವಿಜ್ಞಾನವೂ ನುಸುಳುವುದುಂಟು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ರಾತ್ರಿ ನಮ್ಮ ಮಾತು ನಡುರಾತ್ರಿಯನ್ನು ಮುಟ್ಟಿತ್ತು. ಚಂದ್ರಲೋಕದ ವಿಚಾರ ಅಷ್ಟು ಹೊತ್ತು ನಡೆದ ಮನೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ ನಿಂತ ಸಿಲಿಂಡರಿನ ವಿಚಾರ ಒಮ್ಮೆಯೂ ಬಂದಿರಲಿಲ್ಲವೆಂಬುದು ನಮಗೆ ತಿಳಿದದ್ದು ಕಳೆದ ತಿಂಗಳು.

ಅಂದು ಹೊಸ ಸಿಲಿಂಡರ್ ಜೋಡಿಸಿದ್ದರು. ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಮೂಗು ಮುಚ್ಚಿಕೊಂಡು ಬಂದು, “ಅಜ್ಜಾ, ಈ ಗ್ಯಾಸಿಗೆ ಇಂಥಾ ಹೊಲಸು ವಾಸನಿ ಯಾಕ ಬರ್ತದ?” ಎಂದು ಕೇಳಿದಳು. “ಅದರ ಗುಣನ ಹಂಗ,” ಎಂದು ನಮ್ಮ ಮನೆಯವರು ತೀರ್ಪು ಕೊಟ್ಟುಬಿಟ್ಟರು.

ಆದರೆ ಅದರ ಗುಣ ಹಾಗಿಲ್ಲ. ನಾವು ಉರಿಸುವ ಅನಿಲವು ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಇವೆರಡಕ್ಕೂ ಹೇಳಿಕೊಳ್ಳುವಂಥ ವಾಸನೆಯಿಲ್ಲ, ಬಣ್ಣವಿಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಕೊಳೆತ ಕೋಸಿನಂಥ ಆ ನಾತವನ್ನು ಮನುಷ್ಯನ ಮೂಗು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯಬಲ್ಲದು. ಗಾಳಿಯಲ್ಲಿ ನೂರಕ್ಕೆ ಸುಮಾರು 2ರಿಂದ 9 ಪಾಲು ಅನಿಲ ಬೆರೆತರೆ ಒಂದು ಕಿಡಿ ಸಾಕು. ಆ ಕನಿಷ್ಠ ಮಟ್ಟದ ಐದನೆಯ ಒಂದು ಭಾಗ ಸೋರಿದಾಗಲೇ ಮೂಗಿಗೆ ತಿಳಿಯಬೇಕೆಂಬ ಲೆಕ್ಕದಲ್ಲಿ ವಾಸನೆಯನ್ನು ಕೂಡಿಸಿರುತ್ತಾರೆ.

ಈ ಎಚ್ಚರಿಕೆಯ ಹಿಂದೆ ದೊಡ್ಡದೊಂದು ದುಃಖವಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಹಣ ಉಳಿಸುವ ಸಲುವಾಗಿ ತೈಲಬಾವಿಗಳ ಕಡೆಯಿಂದ ಪುಕ್ಕಟೆಯಾಗಿ ದೊರೆಯುತ್ತಿದ್ದ ನೈಸರ್ಗಿಕ ಅನಿಲವನ್ನು ಕೊಳವೆಯಿಂದ ಎಳೆದುಕೊಂಡಿದ್ದರು. ಅದಕ್ಕೆ ವಾಸನೆಯಿರಲಿಲ್ಲ. ಅದು ಸೋರಿ ಕಟ್ಟಡದ ಅಡಿಯಲ್ಲಿ ತುಂಬಿದ್ದು ಯಾರ ಅರಿವಿಗೂ ಬರಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ, ವಿದ್ಯುತ್ ಉಪಕರಣವೊಂದರ ಕಿಡಿ ತಗುಲಿ ಕಟ್ಟಡವೇ ಸಿಡಿಯಿತು. ಮಡಿದವರು ಸುಮಾರು 300 ಮಂದಿ, ಅವರಲ್ಲಿ ಬಹುಪಾಲು ಮಕ್ಕಳು. ಅನಿಲಕ್ಕೆ ವಾಸನೆ ಕೂಡಿಸಬೇಕೆಂಬ ಕಾನೂನು ಆ ರಾಜ್ಯದಲ್ಲಿ ಬಂದದ್ದು ಆಮೇಲೆ. ಮೊಮ್ಮಗಳು ಮೂಗಿನ ಮೇಲಿನ ಕೈಯನ್ನು ತಾನಾಗಿಯೇ ತೆಗೆದಳು.

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಎಂಜಿನಿಯರಿಂಗ್ ಓದುತ್ತಿರುವ ತಮ್ಮನ ಮಗ, “ನಡುರಾತ್ರಿ ಎದ್ದಾಗ ವಾಸನಿ ಬಂದ್ರ ಯಾರ್ಯಾರು ಮೊದಲ ಏನ ಮಾಡ್ತೀರಿ, ಹೇಳ್ರಿ ನೋಡೋಣ,” ಎಂದು ಎಲ್ಲರನ್ನೂ ಪರೀಕ್ಷೆಗೆ ಕೂಡಿಸಿದ. ನಮ್ಮ ಮನೆಯವರು ದೀಪ ಹಾಕಿ ನೋಡುವುದಾಗಿ ಹೇಳಿದರು. ಸೊಸೆಯದು ಎಕ್ಸಾಸ್ಟ್ ಫ್ಯಾನು. ಮಗ ಅಲ್ಲಿಂದಲೇ ಏಜೆನ್ಸಿಗೆ ಫೋನು ಮಾಡುವವನು. ನಾವು ಬಲು ಗಾಂಭೀರ್ಯದಿಂದ “ಕಿಟಕಿ ತೆಗೆಯುತ್ತೇವೆ” ಎಂದೆವು. ನಮಗೆ ಮಾತ್ರ ಅರ್ಧ ಅಂಕ ದೊರೆಯಿತು! ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಹೊಗೆಯಂತೆ ಮೇಲೇರದೆ ನೀರಿನಂತೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಎದೆಯೆತ್ತರದ ಕಿಟಕಿಗಿಂತ ಹೊಸ್ತಿಲ ತನಕ ತೆರೆಯುವ ಬಾಗಿಲೇ ಅದಕ್ಕೆ ದಾರಿ. (ನಗರಗಳಲ್ಲಿ ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲದ ನಡತೆ ಇದಕ್ಕೆ ವಿರುದ್ಧ, ಅದು ಹಗುರವಾದ್ದರಿಂದ ಮೇಲಕ್ಕೇರುತ್ತದೆ.) ಉಳಿದ ಮೂವರ ಉತ್ತರಗಳಲ್ಲಿ ಕಿಡಿಯ ಅಪಾಯವಿತ್ತು. ಸ್ವಿಚ್ಚನ್ನು ಹಾಕುವಾಗಲೂ ತೆಗೆಯುವಾಗಲೂ ಒಳಗೆ ಸಣ್ಣ ಕಿಡಿ ಹುಟ್ಟುತ್ತದೆ. ಆದ್ದರಿಂದ ಯಾವ ಸ್ವಿಚ್ಚನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಎಲ್ಲರೂ ಹೊರಗೆ ಬಂದ ಮೇಲೆಯೇ 1906ಕ್ಕೆ ಫೋನು ಮಾಡಬೇಕು. ಅದು ಹಗಲಿರುಳೂ ದೊರೆಯುವ ತುರ್ತು ಸಂಖ್ಯೆ.

ಎಲ್ಲರೂ ತಮ್ಮ ತಪ್ಪಿಗೆ ನಗುತ್ತಿರುವಾಗ ಸೊಸೆ ಮಾತ್ರ ನಗಲಿಲ್ಲ. “ಮಾವಾರ, ಅತ್ತಿಯಾರಿಗೆ ವಾಸನಿನ ಗೊತ್ತಾಗೂದಿಲ್ರಿ,” ಎಂದಳು. 2020ರಲ್ಲಿ ಕೋವಿಡ್ ಬಂದಾಗ ಹೋದ ಘ್ರಾಣಶಕ್ತಿ ನಮ್ಮ ಮನೆಯವರಿಗೆ ಪೂರ್ತಿಯಾಗಿ ಮರಳಿರಲೇ ಇಲ್ಲವಂತೆ. ಒಗ್ಗರಣೆ ಸೀದರೂ ಅವರಿಗೆ ಕಣ್ಣಿನಿಂದಲೇ ತಿಳಿಯಬೇಕು. “ಅದನ್ನೇನ ಹೇಳೂದು, ವಯಸ್ಸಾದ ಮ್ಯಾಲ ಒಂದೊಂದ ಹೋಗೂದ,” ಎಂದು ಅವರು ಸೆರಗು ಸರಿಪಡಿಸಿಕೊಂಡರು. ಇಷ್ಟು ವರ್ಷ ಅವರು ಬಡಿಸಿದ್ದನ್ನು ಉಣ್ಣುತ್ತ, ಅದರ ಕಂಪನ್ನು ಅವರೆದುರೇ ಹೊಗಳುತ್ತ ಬಂದ ನಮಗೆ ಆ ಕ್ಷಣ ತಲೆಯೆತ್ತುವುದಾಗಲಿಲ್ಲ. ಮನೆಯಲ್ಲಿ ನಸುಕಿನ ಐದು ಗಂಟೆಗೆ ಒಬ್ಬರೇ ಎದ್ದು, ದೀಪ ಹಾಕಿ, ಲೈಟರ್ ಒತ್ತುವವರು ಅವರೇ. ಟೆಕ್ಸಾಸಿನ ಆ ಶಾಲೆಯ ಮಕ್ಕಳಿಗೆ ಹೇಗೋ ಹಾಗೆಯೇ ಅವರಿಗೂ ಈ ಅನಿಲಕ್ಕೆ ವಾಸನೆಯಿಲ್ಲ.

ಆ ರಾತ್ರಿಯೇ ಟಾರ್ಚು ಹಿಡಿದು ಎಲ್ಲರೂ ಅಡುಗೆಮನೆಗೆ ನಡೆದೆವು. ಕಿತ್ತಳೆ ಬಣ್ಣದ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮದರ ಮೇಲೆ ಅಚ್ಚಾಗಿದ್ದ ವರ್ಷವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಸಿಲಿಂಡರಿನ ಕೊರಳ ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿಗಳ ಅರ್ಥವೂ ಅಂದೇ ತಿಳಿಯಿತು. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ಕಾಲುಭಾಗಗಳು. ‘ಬಿ 28’ ಎಂದಿದ್ದರೆ 2028ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದರ ಮರುಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ಮೀರಿದ್ದನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಬಹುದು. ಮರುದಿನ ಕೊಳವೆ ಬದಲಾಯಿತು. ಸೋರಿಕೆಯಾದರೆ ಕೂಗಿ ಹೇಳುವ ಸಣ್ಣ ಯಂತ್ರವೊಂದನ್ನು ಮಗ ತಂದ. ಅಂಗಡಿಯವನ ಮಾತು ಕೇಳಿ ಅದನ್ನು ಅಟ್ಟದ ಹತ್ತಿರ ಕೂಡಿಸಹೊರಟವನನ್ನು ಮೊಮ್ಮಗಳು ತಡೆದು, ನೆಲದಿಂದ ಒಂದು ಗೇಣು ಮೇಲೆ ಕೂಡಿಸಿದಳು. ರಾತ್ರಿ ರೆಗ್ಯುಲೇಟರ್ ಮುಚ್ಚುವ ಕೆಲಸ ಈಗ ನಮ್ಮದು.

ನಸುಕಿನ ಚಹಾ ಮಾಡುವ ಹೊಣೆಯನ್ನೂ ವಹಿಸಿಕೊಳ್ಳುವುದಾಗಿ ಹೇಳಿ ನೋಡಿದೆವು. “ಮೊದಲ ಸಕ್ಕರಿ ಡಬ್ಬಿ ಎಲ್ಲೈತಿ ಹೇಳ್ರಿ ನೋಡೂಣು,” ಎಂದರು ನಮ್ಮ ಮನೆಯವರು. ಅಷ್ಟರಲ್ಲಿ ಮೊಮ್ಮಗಳ ಮತ್ತೊಂದು ಪ್ರಶ್ನೆ ಸಿದ್ಧವಾಗಿತ್ತು: ಒಲೆಯ ಉರಿ ಕೊಳವೆಯೊಳಗೆ ಹಿಂದಕ್ಕೆ ಯಾಕೆ ಓಡಿಹೋಗುವುದಿಲ್ಲ? ಒಳಗೆ ಉರಿಯಲು ಬೇಕಾದ ಗಾಳಿಯಿಲ್ಲವೆಂದು ತಮ್ಮನ ಮಗ ಹೇಳತೊಡಗಿದ. ನಾವು ಚಾಪೆಯನ್ನು ಮತ್ತೆ ಬಿಡಿಸಿದೆವು.