ಅರಿವಿನ ಕೊರತೆಯೋ, ಆಸರೆಯ ಕೊರತೆಯೋ?

ಅಮೆರಿಕದಲ್ಲಿ ಕ್ಯಾನ್ಸರ್‌ನಿಂದಾಗುವ ಸಾವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ನಂತರದ ಸ್ಥಾನ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್‌ನದು. ವಿಪರ್ಯಾಸವೆಂದರೆ, ತಪಾಸಣೆಯಿಂದ ತಡೆಯಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಕರುಳಿನ ಒಳಗೋಡೆಯಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಅದನ್ನು ಕಂಡು ತೆಗೆದರೆ ರೋಗವನ್ನೇ ತಪ್ಪಿಸಬಹುದು. ಕ್ಯಾನ್ಸರ್ ಆದ ಮೇಲೂ ಅದು ಕರುಳಿಗಷ್ಟೇ ಸೀಮಿತವಾಗಿರುವಾಗ ಪತ್ತೆಯಾದರೆ ಶೇ 90ರಷ್ಟು ರೋಗಿಗಳು ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲಾದರೆ ಆ ಪ್ರಮಾಣ ಶೇ 15ರ ಆಸುಪಾಸಿಗೆ ಇಳಿಯುತ್ತದೆ.

2020ರ ಜನಗಣತಿಯಂತೆ ಆ ದೇಶದಲ್ಲಿ ಲ್ಯಾಟಿನ್ ಅಮೆರಿಕ ಹಾಗೂ ಸ್ಪೇನ್ ಮೂಲದ ಹಿಸ್ಪಾನಿಕ್ ಜನರ ಸಂಖ್ಯೆ 6.2 ಕೋಟಿ. ಬಿಳಿಯರಿಗೆ ಹೋಲಿಸಿದರೆ ಈ ರೋಗ ಅವರಲ್ಲಿ ತುಸು ಕಡಿಮೆಯೇ. ಆದರೆ ಅದು ಪತ್ತೆಯಾಗುವಾಗ ಮುಂದುವರಿದ ಹಂತ ತಲುಪಿರುವುದು ಹೆಚ್ಚು. 2021ರಲ್ಲಿ ತಜ್ಞರ ಕಾರ್ಯಪಡೆಯು ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಆ ವಯಸ್ಸು ದಾಟಿದ ಹಿಸ್ಪಾನಿಕ್ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ತಪಾಸಣೆಗೆ ಒಳಗಾಗಿದ್ದಾರೆ.

ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ ಅರಿವಿನ ಕೊರತೆ. ಬಂದದ್ದು ಬರಲಿ ಎಂಬ ವಿಧಿನಂಬಿಕೆ, ಕೆಟ್ಟ ಸುದ್ದಿಯ ಭಯ, ಕೊಲೊನೋಸ್ಕೋಪಿ ತಮ್ಮ ಗಂಡಸುತನಕ್ಕೆ ಕುಂದು ಎಂಬ ಪುರುಷರ ಸಂಕೋಚ—ಇವೆಲ್ಲ ಪಟ್ಟಿಯಲ್ಲಿವೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಂದು ಜನಾಂಗದ ಸಂಸ್ಕೃತಿಯತ್ತ ಬೊಟ್ಟು ಮಾಡಿದರೆ ಆಡಳಿತದ ಹೊಣೆ ಹಗುರವಾಗುತ್ತದೆ ಎಂಬುದನ್ನೂ ಮರೆಯಲಾಗದು.

ಅರಿವು ಗಾಳಿಯಲ್ಲಿ ತೇಲಿ ಬರುವ ವಸ್ತುವಲ್ಲ. ಜನ ತಪಾಸಣೆಗೆ ಹೋಗುವುದು ಬಹುಮಟ್ಟಿಗೆ ವೈದ್ಯರು ಹೇಳಿದಾಗ. ವೈದ್ಯರ ಬಳಿ ಹೋಗಲು ವಿಮೆ ಬೇಕು. ಹಿಸ್ಪಾನಿಕ್ ಜನರಲ್ಲಿ ವಿಮೆಯಿಲ್ಲದವರ ಪ್ರಮಾಣ ಬಿಳಿಯರಲ್ಲಿರುವುದರ ಎರಡು ಪಟ್ಟಿಗಿಂತ ಹೆಚ್ಚು. 2010ರ ಆರೋಗ್ಯ ಕಾಯ್ದೆಯು ಬಡವರಿಗಾಗಿ ಮೆಡಿಕೇಡ್ ಯೋಜನೆಯನ್ನು ವಿಸ್ತರಿಸಿತು. ಆದರೆ ಆ ವಿಸ್ತರಣೆ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಿಸ್ಪಾನಿಕ್ ಜನರು ದೊಡ್ಡ ಸಂಖ್ಯೆಯಲ್ಲಿರುವ ಟೆಕ್ಸಾಸ್ ಮತ್ತು ಫ್ಲಾರಿಡಾ ಅದನ್ನು ಇಂದಿಗೂ ಒಪ್ಪಿಲ್ಲ. ಇನ್ನು ದಾಖಲೆಗಳಿಲ್ಲದ ವಲಸಿಗರಂತೂ ಈ ಯೋಜನೆಯ ಹೊರಗೇ ಇದ್ದಾರೆ. ಕೂಲಿಯವನಿಗೆ ಕೊಲೊನೋಸ್ಕೋಪಿಯ ಬೆಲೆ ಆಸ್ಪತ್ರೆಯ ಬಿಲ್ಲಿಗೆ ಮುಗಿಯುವುದಿಲ್ಲ. ಕರುಳು ಶುದ್ಧಿಗೆ, ಪರೀಕ್ಷೆಗೆ ಬಿಟ್ಟ ಕೆಲಸದ ಸಂಬಳ, ಮನೆಗೆ ಕರೆದೊಯ್ಯಲು ಬಂದವರ ಸಂಬಳ ಎಲ್ಲವೂ ಅದಕ್ಕೆ ಸೇರುತ್ತವೆ.

ಈ ವಾದಕ್ಕೆ ಪುರಾವೆ ಟೆಕ್ಸಾಸ್‌ನಲ್ಲೇ ಇದೆ. ಫೋರ್ಟ್ ವರ್ತ್ ನಗರದಲ್ಲಿ ವಿಮೆಯಿಲ್ಲದ ಸುಮಾರು ಆರು ಸಾವಿರ ಮಂದಿಯ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಹಿಸ್ಪಾನಿಕ್ ಜನರೂ ಗಣನೀಯವಾಗಿದ್ದರು. ಎಂದಿನ ವ್ಯವಸ್ಥೆಗೇ ಬಿಟ್ಟ ಗುಂಪಿನಲ್ಲಿ ತಪಾಸಣೆಗೆ ಒಳಗಾದವರು ಶೇ 12ರಷ್ಟು. ಉಚಿತ ಕೊಲೊನೋಸ್ಕೋಪಿಗೆ ಆಹ್ವಾನ ಪಡೆದವರಲ್ಲಿ ಶೇ 25ರಷ್ಟು. ಮನೆಯಲ್ಲೇ ಮಾಡಿಕೊಳ್ಳಬಹುದಾದ ಮಲಪರೀಕ್ಷೆಯ ಕಿಟ್ ಅಂಚೆಯಲ್ಲಿ ಉಚಿತವಾಗಿ ಬಂದವರಲ್ಲಿ ಶೇ 41ರಷ್ಟು! ಅದೇ ಜನ, ಅದೇ ನಂಬಿಕೆ, ಅದೇ ಸಂಕೋಚ. ಬದಲಾದದ್ದು ಸೇವೆ ತಲುಪಿಸಿದ ವಿಧಾನ ಮಾತ್ರ.

ಹಾಗೆಂದು ಕಿಟ್ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ಈ ಪರೀಕ್ಷೆಯನ್ನು ಪ್ರತಿವರ್ಷ ಮಾಡಬೇಕು. ಮಲದಲ್ಲಿ ರಕ್ತ ಕಂಡರೆ ಕೊಲೊನೋಸ್ಕೋಪಿ ಅನಿವಾರ್ಯ. ಈ ಎರಡನೆಯ ಹಂತದ ವೆಚ್ಚವನ್ನೂ ಖಾಸಗಿ ವಿಮಾ ಕಂಪೆನಿಗಳೇ ಪೂರ್ತಿ ಭರಿಸಬೇಕೆಂದು 2022ರಲ್ಲಿ ಸ್ಪಷ್ಟಪಡಿಸಲಾಯಿತು. ಕಾರ್ಯಪಡೆ ಶಿಫಾರಸು ಮಾಡಿದ ತಪಾಸಣೆಗಳನ್ನು ವಿಮಾದಾರರಿಗೆ ಉಚಿತವಾಗಿ ಒದಗಿಸುವ ನಿಯಮವನ್ನು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ವಿಮೆಯೇ ಇಲ್ಲದವನಿಗೆ ಇದರಿಂದೇನು? ಅದೇ ವರ್ಷದ ಜುಲೈನಲ್ಲಿ ಸಹಿ ಬಿದ್ದ ಹೊಸ ಕಾನೂನು ಮೆಡಿಕೇಡ್‌ನ ವೆಚ್ಚಕ್ಕೆ ಕತ್ತರಿ ಹಾಕಿರುವುದರಿಂದ ಅಂಥವರ ಸಂಖ್ಯೆ ಹೆಚ್ಚುವ ಆತಂಕವಿದೆ. ಐದು ಡಾಲರ್ ಉಳಿಸಲು ಹೋಗಿ ಐವತ್ತು ತೆರುವ ಇಂಥ ಲೆಕ್ಕವನ್ನು ಮಿತವ್ಯಯವೆನ್ನಲಾಗದು. ತಡವಾಗಿ ಬಂದ ರೋಗಿಯ ಚಿಕಿತ್ಸೆಯ ಭಾರ ಕೊನೆಗೆ ಬೀಳುವುದು ಸಾರ್ವಜನಿಕ ಆಸ್ಪತ್ರೆಗಳ ಮೇಲೆಯೇ.

ಹಿಸ್ಪಾನಿಕ್ ಬಡಾವಣೆಗಳಲ್ಲಿ ‘ಪ್ರೊಮೊತೋರಾ’ ಎಂಬ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯರಂತೆ ಇವರೂ ಅದೇ ಸಮುದಾಯದವರು, ಮನೆಬಾಗಿಲಿಗೆ ಹೋಗಿ ಮನೆಮಾತಿನಲ್ಲೇ ಮಾತನಾಡುವವರು. ಸಂಕೋಚವನ್ನು ಕರಗಿಸುವ ಶಕ್ತಿ ಕರಪತ್ರಕ್ಕಿಂತ ಇವರ ಮಾತಿಗೆ ಹೆಚ್ಚು. ಆದರೆ ಆಕೆಯ ಮಾತಿಗೆ ಒಪ್ಪಿ ಹೊರಟವನಿಗೆ ಆಸ್ಪತ್ರೆಯ ಬಾಗಿಲು ತೆರೆದಿರಬೇಕು. ಬಾಗಿಲು ಮುಚ್ಚಿಟ್ಟು, ಒಳಗೆ ಬರಲು ಜನರಿಗೆ ತಿಳಿವಳಿಕೆಯಿಲ್ಲ ಎನ್ನುವುದು ನ್ಯಾಯವಲ್ಲ.