ಉಪಾಯದ ಎರವಲು, ಹೆಸರಿನ ಋಣ

ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಲ್ಲಿ ‘ದಾನ್ ಉತ್ಸವ’ ನಡೆಯುತ್ತದೆ. 2009ರಲ್ಲಿ ಆರಂಭವಾದ ಈ ಸಪ್ತಾಹದಲ್ಲಿ ಶಾಲಾ ಮಕ್ಕಳೂ ಉತ್ಸಾಹದಿಂದ ನಿಧಿ ಸಂಗ್ರಹಕ್ಕೆ ಇಳಿಯುತ್ತಾರೆ. ದೆಹಲಿಯ ಲೋಧಿ ಕಾಲೋನಿಯಂತಹ ನೆರೆಹೊರೆಯಲ್ಲಿ ಆ ಉತ್ಸಾಹ ಒಂದು ಸೂಕ್ಷ್ಮ ಪ್ರಶ್ನೆಯನ್ನೂ ಎತ್ತಬಲ್ಲದು. 1940ರ ದಶಕದಲ್ಲಿ ಸರಕಾರಿ ನೌಕರರಿಗಾಗಿ ನಿರ್ಮಿತವಾದ ಈ ಬಡಾವಣೆಯ ಪಕ್ಕದ ಲೋಧಿ ಎಸ್ಟೇಟ್‌ನಲ್ಲೇ ದೆಹಲಿ ಕನ್ನಡ ಶಾಲೆಯಿರುವುದರಿಂದ, ರಾಜಧಾನಿಯ ಕನ್ನಡಿಗರಿಗೆ ಇದು ಪರಿಚಿತ ನೆಲ.

ಒಂದು ಸನ್ನಿವೇಶವನ್ನು ಊಹಿಸಬಹುದು. ಸಣ್ಣ ಸೇವಾಸಂಸ್ಥೆಯೊಂದು ಪ್ರತಿ ವರ್ಷ ಮನೆಮನೆಯಿಂದ ಹಳೆಯ ಪುಸ್ತಕ ಸಂಗ್ರಹಿಸಿ, ಮಾರಿ, ಬಂದ ಹಣದಿಂದ ರೋಗಿಗಳಿಗೆ ಔಷಧ ಒದಗಿಸುತ್ತದೆ. ಅದನ್ನು ಕಂಡ ಶಾಲೆಯೊಂದು ಅದೇ ಉಪಾಯವನ್ನು, ಅದೇ ವಾರ, ಅದೇ ಮನೆಗಳಲ್ಲಿ, ಬೇರೊಂದು ಸತ್ಕಾರ್ಯಕ್ಕಾಗಿ ಬಳಸುತ್ತದೆ. ಮಕ್ಕಳ ಉದ್ದೇಶ ನಿರ್ಮಲ. ಹಣವೂ ಒಳ್ಳೆಯದಕ್ಕೇ ಸಲ್ಲುತ್ತದೆ. ಆದರೆ ಮೊದಲ ಸಂಸ್ಥೆಯವರು ಬಾಗಿಲಿಗೆ ಬರುವ ಹೊತ್ತಿಗೆ ಕಪಾಟು ಬರಿದಾಗಿರುತ್ತದೆ. ನಷ್ಟ ಅನುಭವಿಸುವವರು ಕಣ್ಣಿಗೆ ಕಾಣದ ಆ ರೋಗಿಗಳು.

ಕಾನೂನು ಇಲ್ಲಿ ಹೆಚ್ಚಿನ ಉತ್ತರ ನೀಡುವುದಿಲ್ಲ. ‘ಹಮ್ ಹಿಂದೂಸ್ತಾನಿ’ ನಾಟಕದ ಕರ್ತೃ ಆರ್.ಜಿ. ಆನಂದ್ ‘ನ್ಯೂ ಡೆಲ್ಲಿ’ ಚಲನಚಿತ್ರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಕೇವಲ ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಗೆ ಮಾತ್ರ ಉಂಟು ಎಂದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಸ್ಪಷ್ಟಪಡಿಸಿತು. ಪುಸ್ತಕ ಸಂಗ್ರಹ ಯಾರ ಸ್ವತ್ತೂ ಅಲ್ಲ. ಹಾಗಾಗಬಾರದೂ ಕೂಡ. 2014ರಲ್ಲಿ ‘ಐಸ್ ಬಕೆಟ್ ಚಾಲೆಂಜ್’ ಜಗತ್ತನ್ನು ಆವರಿಸಿದಾಗ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ ಆ ಹೆಸರಿಗೆ ಟ್ರೇಡ್‌ಮಾರ್ಕ್ ಕೋರಿ, ಟೀಕೆ ಎದುರಾದೊಡನೆ ಅರ್ಜಿಯನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ‘ರೈಸ್ ಬಕೆಟ್ ಚಾಲೆಂಜ್’ ಆರಂಭಿಸಿದರು. ನೀರಿನ ಬದಲು ಅಕ್ಕಿ, ತಲೆಯ ಮೇಲೆ ಸುರಿಯುವ ಬದಲು ಹಸಿದವರಿಗೆ ನೀಡಿಕೆ. ಎರವಲು ಎಂಬುದು ಆ ಹೆಸರಿನಲ್ಲೇ ವ್ಯಕ್ತವಾಗಿತ್ತು. ಮೂಲದವರಿಗೆ ಸಲ್ಲಬೇಕಾದುದನ್ನು ಅದು ಕಸಿಯಲೂ ಇಲ್ಲ.

ಕಾನೂನು ನಿಲ್ಲುವಲ್ಲಿ ವ್ರತ ಆರಂಭವಾಗುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವೂ ಒಂದು: ಅಸಲಿನ ಹೆಸರಿನಲ್ಲಿ ಅದರ ಹೋಲಿಕೆಯದನ್ನು ಸಾಗಿಸುವುದು. ಅಂಗಡಿಯ ತಕ್ಕಡಿಗೆ ಅನ್ವಯಿಸುವ ಈ ಎಚ್ಚರ ಶಾಲೆಯ ದೇಣಿಗೆ ಡಬ್ಬಿಗೂ ಅನ್ವಯಿಸುತ್ತದೆ. ಹಾಗೆಂದು ನಕಲು ಮಾಡುವುದೇ ದೋಷವಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ‘ಶಾಂತಿಪುರಾಣ’ದ 1,000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ನಕಲು ಶಾಸ್ತ್ರದಾನವೆನಿಸಿತು. ಕಾವ್ಯ ಮಾತ್ರ ಪೊನ್ನನದಾಗಿಯೇ ಉಳಿಯಿತು. ಕೀರ್ತಿ ಇಬ್ಬರಿಗೂ ಸಂದಿತು.

ಆದುದರಿಂದ ಶಾಲೆಗಳು ಪಾಲಿಸಬೇಕಾದ ಮರ್ಯಾದೆ ಕಠಿಣವಾದುದೇನಲ್ಲ. ಮೊದಲು ಮೂಲ ಸಂಸ್ಥೆಗೆ ಮಕ್ಕಳಿಂದಲೇ ಒಂದು ಪತ್ರ ಬರೆಯಿಸಬೇಕು. ಅವರು ಹೊರಡುವ ವಾರವನ್ನೂ ಅವರು ಹೋಗುವ ಮನೆಗಳನ್ನೂ ಬಿಟ್ಟುಕೊಡಬೇಕು. ಅವರ ಹೆಸರು, ಲಾಂಛನ, ರಶೀದಿಯ ಮಾದರಿಯನ್ನು ಅನುಮತಿಯಿಲ್ಲದೆ ಬಳಸಬಾರದು. ಹಣ ಯಾವ ಕಾರ್ಯಕ್ಕೆ ಹೋಗುತ್ತದೆಂಬುದನ್ನು ದಾನಿಗೆ ಬಾಗಿಲಲ್ಲೇ ತಿಳಿಸಬೇಕು. ಉಪಾಯ ಯಾರಿಂದ ಬಂದಿತೆಂಬುದನ್ನು ಭಿತ್ತಿಪತ್ರದಲ್ಲಿ ಕಾಣಿಸಬೇಕು. ಸಾಧ್ಯವಾದರೆ ಸಂಗ್ರಹದ ಒಂದು ಪಾಲನ್ನು ಅವರಿಗೂ ಸಲ್ಲಿಸಬೇಕು.

ಸೇವಾಸಂಸ್ಥೆಗಳಿಗೂ ಕರ್ತವ್ಯವಿದೆ. ಅನುಮತಿ ಕೇಳಿ ಬಂದ ಮಕ್ಕಳನ್ನು ಪ್ರತಿಸ್ಪರ್ಧಿಗಳೆಂದು ಕಾಣುವುದು ಸಣ್ಣತನ. ಉಪಾಯದ ಮೇಲಿನ ಮಮಕಾರವೂ ಪರಿಗ್ರಹವೇ.

ಮಕ್ಕಳು ಎಷ್ಟು ರೂಪಾಯಿ ಕೂಡಿಸಿದರೆಂಬುದು ಮುಂದಿನ ವರ್ಷಕ್ಕೆ ಮರೆತುಹೋಗುತ್ತದೆ. ಕೇಳಿ ಪಡೆದೆವೋ, ಕೇಳದೆ ಎತ್ತಿಕೊಂಡೆವೋ ಎಂಬ ಪಾಠ ಮಾತ್ರ ಅವರೊಂದಿಗೆ ಬೆಳೆಯುತ್ತದೆ. ಊರಿನಿಂದ ದೂರ ನೆಲೆಸಿ ಮಕ್ಕಳಿಗೆ ವ್ರತಗಳ ಹೆಸರನ್ನು ಬಾಯಿಪಾಠ ಮಾಡಿಸುವ ಕುಟುಂಬಗಳು, ಮಗು ಶಾಲೆಯಿಂದ ದೇಣಿಗೆ ಚೀಟಿ ತಂದ ದಿನ ಒಂದು ಪ್ರಶ್ನೆಯನ್ನಾದರೂ ಕೇಳಬೇಕು: ಈ ಉಪಾಯ ಯಾರದು, ಅವರಿಗೆ ತಿಳಿಸಿದ್ದೀರಾ?